ಪ್ರಭಾವ ಎಷ್ಟಿದ್ದರೂ ಲಾಭ ಏಕಿಲ್ಲ? ಟ್ವಿಟರ್, ಕೂ ಮತ್ತು ಸಾಮಾಜಿಕ ಜಾಲತಾಣದ ವ್ಯವಹಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಮಾಜಿಕ ಜಾಲತಾಣಗಳ ಹಣಕಾಸಿನ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಸಭೆಗಳಲ್ಲಿ, ಪತ್ರಗಳಲ್ಲಿ, ಚಹಾ ಕುಡಿಯುತ್ತಾ ನಡೆಯುವ ಹರಟೆಯಲ್ಲಿ ಅವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟುಗೂಡಿಸಿದ್ದೇನೆ. ಉತ್ತರಗಳು ಹೆಚ್ಚಾಗಿ ಟ್ವಿಟರ್‌ನ ಸುತ್ತಲೇ ಇವೆ. ಅದು ಷೇರುಪೇಟೆಯಲ್ಲಿದ್ದ ವರ್ಷಗಳ ಲೆಕ್ಕಪತ್ರ ಎಲ್ಲರಿಗೂ ಲಭ್ಯವಿದೆ. ಅಷ್ಟು ದೊಡ್ಡ ದನಿಯಿದ್ದೂ ಅಷ್ಟು ಕಡಿಮೆ ಗಳಿಸಿದ ಕಂಪನಿ ಬೇರೆ ಸಿಗುವುದು ಕಷ್ಟ. ಜೊತೆಗೆ ಟ್ವಿಟರ್ ಮಾದರಿಯಲ್ಲೇ ಬಂದು ಮುಚ್ಚಿಹೋದ ಬೆಂಗಳೂರಿನ ಜಾಲತಾಣ ‘ಕೂ’ ಬಗ್ಗೆಯೂ ಬರೆದಿದ್ದೇನೆ. 2023ರ ಜುಲೈಯಲ್ಲಿ ಟ್ವಿಟರ್ ‘ಎಕ್ಸ್’ ಆಯಿತು. ಅದಕ್ಕಿಂತ ಹಿಂದಿನ ಸಂಗತಿಗಳನ್ನು ಹೇಳುವಾಗ ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದೇನೆ.

## ಆರಂಭದ ಪ್ರಶ್ನೆಗಳು

ನಾವು ಒಂದು ರೂಪಾಯಿಯೂ ಕೊಡುವುದಿಲ್ಲ. ಹಾಗಾದರೆ ಟ್ವಿಟರ್‌ಗೆ ದುಡ್ಡು ಎಲ್ಲಿಂದ ಬರುತ್ತಿತ್ತು?

ಜಾಹೀರಾತಿನಿಂದ. 2021ರಲ್ಲಿ ಅದರ ಒಟ್ಟು ವರಮಾನ ಸುಮಾರು 508 ಕೋಟಿ ಡಾಲರ್. ಅದರಲ್ಲಿ 450 ಕೋಟಿ ಡಾಲರ್‌ನಷ್ಟು ಜಾಹೀರಾತಿನದ್ದು. ಉಳಿದದ್ದರಲ್ಲಿ ಬಹುಪಾಲು ದತ್ತಾಂಶದ ಮಾರಾಟದಿಂದ ಬಂದದ್ದು, ಅಂದರೆ ಜನ ಏನು ಮಾತನಾಡುತ್ತಿದ್ದಾರೆ ಎಂಬುದನ್ನು ತಿಳಿಯಬಯಸುವ ಸಂಸ್ಥೆಗಳಿಗೆ ಟ್ವೀಟ್‌ಗಳ ಹರಿವನ್ನು ಸಗಟಾಗಿ ಒದಗಿಸಿದ್ದಕ್ಕೆ ಸಿಕ್ಕ ಹಣ.

ಕಂಪನಿ ಹುಟ್ಟಿದ್ದು 2006ರಲ್ಲಿ, ಬಳಕೆದಾರರ ಕಣ್ಣೆದುರು ಮೊದಲ ಪ್ರಾಯೋಜಿತ ಟ್ವೀಟ್ ಬಂದದ್ದು 2010ರ ಏಪ್ರಿಲ್‌ನಲ್ಲಿ. ನಡುವಿನ ನಾಲ್ಕು ವರ್ಷ ಮುಖ್ಯವಾಗಿ ಹೂಡಿಕೆದಾರರ ಹಣದಲ್ಲೇ ನಡೆಯಿತು. ಆ ಹೊತ್ತಿಗೆ, ಇದು ಎಂದೆಂದಿಗೂ ಉಚಿತವೆಂಬ ಭಾವನೆ ಜನರಲ್ಲಿ ಬೇರೂರಿಬಿಟ್ಟಿತ್ತು. ಮುಂದೆ ಚಂದಾ ಕೇಳಲು ಹೊರಟಾಗ ಅದೇ ಅಡ್ಡಿಯಾಯಿತು.

ರಾಷ್ಟ್ರಾಧ್ಯಕ್ಷರು, ಪ್ರಧಾನಿಗಳು, ನಟರು, ಕ್ರಿಕೆಟಿಗರು ಎಲ್ಲರೂ ಅಲ್ಲೇ ಇದ್ದರಲ್ಲ. ಆದರೂ ನಷ್ಟವೇ?

ಹೌದು, ಹೆಚ್ಚಿನ ವರ್ಷಗಳಲ್ಲಿ ನಷ್ಟವೇ. 2013ರ ನವೆಂಬರ್‌ನಲ್ಲಿ ಟ್ವಿಟರ್ ತನ್ನ ಷೇರನ್ನು 26 ಡಾಲರ್‌ಗೆ ಬಿಡುಗಡೆ ಮಾಡಿತು. ಮೊದಲ ದಿನದ ಕೊನೆಗೆ ಅದು 44.90 ಡಾಲರ್‌ಗೆ ಏರಿತ್ತು. ಆ ದಿನದವರೆಗೆ ಕಂಪನಿ ಲಾಭವನ್ನೇ ಕಂಡಿರಲಿಲ್ಲ. ಮೊದಲ ಬಾರಿಗೆ ಒಂದು ತ್ರೈಮಾಸಿಕದಲ್ಲಿ ಲಾಭ ತೋರಿಸಿದ್ದು 2017ರ ಕೊನೆಯಲ್ಲಿ. 2018 ಮತ್ತು 2019ರಲ್ಲಿ ಲಾಭ ಬಂತು, ಅದರಲ್ಲೂ ತೆರಿಗೆ ಲೆಕ್ಕದ ಅನುಕೂಲದ ಪಾಲು ದೊಡ್ಡದಿತ್ತು. 2020ರಲ್ಲಿ ಸುಮಾರು 114 ಕೋಟಿ ಡಾಲರ್, 2021ರಲ್ಲಿ 22 ಕೋಟಿ ಡಾಲರ್ ನಷ್ಟವಾಯಿತು.

ಕಾರಣ ಪ್ರಭಾವದ ಸ್ವರೂಪದಲ್ಲೇ ಇದೆ. ಒಬ್ಬ ನಾಯಕ ಟ್ವೀಟ್ ಮಾಡುತ್ತಾನೆ. ಅರ್ಧ ಗಂಟೆಯಲ್ಲಿ ಅದು ಟಿ.ವಿ. ಪರದೆಯ ಮೇಲೆ, ಮರುದಿನ ಪತ್ರಿಕೆಯ ಮುಖಪುಟದಲ್ಲಿ, ಆಮೇಲೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಾಣಿಸುತ್ತದೆ. ಅದನ್ನು ಓದಿದ ಕೋಟ್ಯಂತರ ಜನರಲ್ಲಿ ಟ್ವಿಟರ್ ತೆರೆದು ನೋಡಿದವರು ಕೆಲವೇ ಲಕ್ಷ. ಜಾಹೀರಾತು ತೋರಿಸಲು ಸಾಧ್ಯವಾಗುವುದು ಆ ಲಕ್ಷಗಳಿಗೆ ಮಾತ್ರ. ಸುದ್ದಿ ಹುಟ್ಟಿಸಿದ್ದು ಟ್ವಿಟರ್, ಅದರ ಮೇಲೆ ಹಣ ಮಾಡಿದ್ದು ಬೇರೆಯವರು.

ಬರೆಯುವವರೂ ಕಡಿಮೆ. ಅಮೆರಿಕದ ವಯಸ್ಕ ಬಳಕೆದಾರರಲ್ಲಿ ಶೇ 10ರಷ್ಟು ಮಂದಿಯೇ ಶೇ 80ರಷ್ಟು ಟ್ವೀಟ್‌ಗಳನ್ನು ಬರೆಯುತ್ತಾರೆ ಎಂದು ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ತೋರಿಸಿತು. ಆ ಸಣ್ಣ ಗುಂಪೇ ಕಂಪನಿಯ ಜೀವಾಳ. ಅವರಿಂದ ಹಣ ಕೇಳಿದರೆ ಎದ್ದುಹೋಗುತ್ತಾರೆ, ಅವರಿಗೆ ಹಣ ಕೊಡೋಣವೆಂದರೆ ಬೊಕ್ಕಸದಲ್ಲಿ ಇಲ್ಲ.

ಫೇಸ್‌ಬುಕ್ ಅಷ್ಟೊಂದು ದುಡಿಯಿತು. ಇವರಿಗೇನು ಕಷ್ಟ?

2021ರಲ್ಲಿ ಫೇಸ್‌ಬುಕ್ ಸಮೂಹದ ವರಮಾನ ಸುಮಾರು 11,790 ಕೋಟಿ ಡಾಲರ್, ಟ್ವಿಟರ್‌ನದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಬಳಕೆದಾರರ ಸಂಖ್ಯೆಯ ಅಂತರ ಒಂದು ಕಾರಣ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಜನ ಅಲ್ಲಿಗೆ ಯಾವ ಮನಸ್ಸಿನಿಂದ ಹೋಗುತ್ತಾರೆ ಎಂಬುದು. ಅರಳಿಕಟ್ಟೆಗೆ ಜನ ಬರುವುದು ಊರಿನ ಸುದ್ದಿ ಮಾತನಾಡಲು, ಚೀಲ ಹಿಡಿದು ಹೋಗುವುದು ಸಂತೆಗೆ. ಟ್ವಿಟರ್ ಅರಳಿಕಟ್ಟೆಯಾಗಿತ್ತು.

ಫೇಸ್‌ಬುಕ್‌ಗೆ ನಿಮ್ಮ ನಿಜವಾದ ಹೆಸರು, ವಯಸ್ಸು, ಊರು, ಓದಿದ ಶಾಲೆ, ಮದುವೆಯಾದ ದಿನ ಎಲ್ಲವೂ ಗೊತ್ತು. ಹೊರಗಿನ ಅಂಗಡಿಗಳ ಪುಟಗಳಲ್ಲಿ ನೀವು ಏನನ್ನು ನೋಡಿದಿರಿ ಎಂಬುದೂ ಅದಕ್ಕೆ ತಲುಪುತ್ತಿತ್ತು. ಹಾಗಾಗಿ ದಾವಣಗೆರೆಯ ಒಂದು ಬಟ್ಟೆ ಅಂಗಡಿ ಕೂಡ ದಿನಕ್ಕೆ ಕೆಲವೇ ನೂರು ರೂಪಾಯಿ ಹಾಕಿ, ಸುತ್ತಲಿನ ಊರುಗಳಲ್ಲಿ ಮದುವೆ ನಿಶ್ಚಯವಾದವರಿಗೆ ಮಾತ್ರ ಸೀರೆಯ ಜಾಹೀರಾತು ತೋರಿಸಬಹುದು. ಟ್ವಿಟರ್‌ನಲ್ಲಿ ಸುಳ್ಳು ಹೆಸರಿನ ಖಾತೆಗಳೇ ಸಾಕಷ್ಟು. ಅಲ್ಲಿ ಹಣ ಸುರಿದವರಲ್ಲಿ ಹೆಚ್ಚಿನವರು ತಮ್ಮ ಹೆಸರು ಜನರ ಬಾಯಲ್ಲಿರಲಿ ಎಂದು ಬಯಸುವ ದೊಡ್ಡ ಬ್ರ್ಯಾಂಡ್‌ಗಳು. ಇಂಥ ಗ್ರಾಹಕರು ಕಡಿಮೆ ಮಂದಿ, ಅಂಜಿಕೆ ಹೆಚ್ಚು.

ಭಾರತದಲ್ಲಿ ಇಷ್ಟು ಕೋಟಿ ಜನ ಇದ್ದೇವೆ. ನಮ್ಮಿಂದಲೇ ಅವರಿಗೆ ಭಾರೀ ಲಾಭ ಅಲ್ಲವೇ?

ಅಲ್ಲ. ತಲೆಗಳ ಸಂಖ್ಯೆ ನಮ್ಮದು, ಹಣ ಅಮೆರಿಕದ್ದು. 2023ರ ಕೊನೆಯ ತ್ರೈಮಾಸಿಕದಲ್ಲಿ ಫೇಸ್‌ಬುಕ್ ಅಮೆರಿಕ ಮತ್ತು ಕೆನಡಾದ ಒಬ್ಬೊಬ್ಬ ಬಳಕೆದಾರನಿಂದ ಸರಾಸರಿ 68.44 ಡಾಲರ್ ಗಳಿಸಿತು. ಏಷ್ಯಾ–ಪೆಸಿಫಿಕ್ ಪ್ರದೇಶದಲ್ಲಿ ಆ ಮೊತ್ತ 5.52 ಡಾಲರ್. ಟ್ವಿಟರ್‌ನಲ್ಲಿಯೂ 2021ರ ಕೊನೆಗೆ ಅಮೆರಿಕದವರು ಬಳಕೆದಾರರ ಐದನೇ ಒಂದು ಪಾಲೂ ಇರಲಿಲ್ಲ, ವರಮಾನದ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತಿತ್ತು. ಸರ್ವರ್, ವಿದ್ಯುತ್, ವಿಡಿಯೊ ಸಂಗ್ರಹದ ಖರ್ಚಿನಲ್ಲಿ ಮಾತ್ರ ಕಲಬುರಗಿಯವನಿಗೂ ಕ್ಯಾಲಿಫೋರ್ನಿಯಾದವನಿಗೂ ಅಂಥ ವ್ಯತ್ಯಾಸವಿಲ್ಲ.

## ಖರ್ಚು, ಜಾಹೀರಾತು, ಕಾನೂನು

ಬೈಗುಳ, ಸುಳ್ಳು ಸುದ್ದಿ ತೆಗೆಯಲು ಕಂಪ್ಯೂಟರ್ ಸಾಲದೇ? ಅದಕ್ಕೇಕೆ ಅಷ್ಟು ಜನ, ಅಷ್ಟು ಖರ್ಚು?

ಸಾಲದು. ಬೆತ್ತಲೆ ಚಿತ್ರ, ಮೊದಲೇ ಗುರುತಿಸಿಟ್ಟ ವಿಡಿಯೊಗಳನ್ನು ಯಂತ್ರ ಹಿಡಿಯುತ್ತದೆ. ಬೆದರಿಕೆ ಯಾವುದು, ಗೆಳೆಯರ ಕೀಟಲೆ ಯಾವುದು, ಒಂದು ಜಾತಿಯ ಹೆಸರನ್ನು ಹೆಮ್ಮೆಯಿಂದ ಹೇಳಿದ್ದು ಯಾವುದು, ಹೀಯಾಳಿಸಿ ಹೇಳಿದ್ದು ಯಾವುದು ಎಂದು ತೀರ್ಮಾನಿಸಲು ಆ ಭಾಷೆಯಲ್ಲಿ ಬೆಳೆದ ಮನುಷ್ಯನೇ ಬೇಕು. ಕನ್ನಡವನ್ನಂತೂ ಜನ ಎರಡು ಲಿಪಿಗಳಲ್ಲಿ, ಹತ್ತು ಬಗೆಯ ಕಾಗುಣಿತದಲ್ಲಿ ಬರೆಯುತ್ತಾರೆ.

ಈ ಕೆಲಸ ಮಾಡುವವರು ದಿನವಿಡೀ ಕೊಲೆ, ಆತ್ಮಹತ್ಯೆ, ಮಕ್ಕಳ ಮೇಲಿನ ದೌರ್ಜನ್ಯದ ದೃಶ್ಯಗಳನ್ನು ನೋಡುತ್ತಾರೆ. ಅದರಿಂದ ಮಾನಸಿಕವಾಗಿ ಜರ್ಝರಿತರಾದ ಅಮೆರಿಕದ ಕೆಲಸಗಾರರಿಗೆ 5.2 ಕೋಟಿ ಡಾಲರ್ ಪರಿಹಾರ ಕೊಡಲು ಫೇಸ್‌ಬುಕ್ 2020ರಲ್ಲಿ ಒಪ್ಪಿಕೊಂಡಿತು. ಇದೇ ಕೆಲಸವನ್ನು ಭಾರತದಲ್ಲಿ ಗುತ್ತಿಗೆಯ ಮೇಲೆ ಮಾಡುವ ಯುವಕ ಯುವತಿಯರ ಬಗ್ಗೆ ನಾವು ಮಾತನಾಡುವುದೇ ಇಲ್ಲ. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಭಾಷೆಗಳ ನಡುವಿನ ತಾರತಮ್ಯವೂ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಸುಳ್ಳು ಮಾಹಿತಿಯನ್ನು ಗುರುತಿಸಲು ಫೇಸ್‌ಬುಕ್ ವ್ಯಯಿಸುವ ಸಮಯದಲ್ಲಿ ಶೇ 87ರಷ್ಟು ಅಮೆರಿಕಕ್ಕೇ ಮೀಸಲಾಗಿತ್ತು ಎಂದು ಕಂಪನಿಯ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹಾಗನ್ 2021ರಲ್ಲಿ ಹೊರಗೆ ತಂದ ದಾಖಲೆಗಳು ಹೇಳಿದವು. ಆ ಅಂಕಿ ಅಪೂರ್ಣ ಎಂದು ಕಂಪನಿ ಸಮಜಾಯಿಷಿ ನೀಡಿತು. ವ್ಯವಹಾರದ ದೃಷ್ಟಿಯಿಂದ ಇದರ ತರ್ಕ ಸರಳ: ಹಣ ಬರುವ ಕಡೆಗೆ ಕಾವಲು. ಕನ್ನಡದಲ್ಲಿ ದೂರು ಕೊಟ್ಟವರಿಗೆ ವಾರಗಟ್ಟಲೆ ಉತ್ತರ ಬಾರದಿದ್ದರೆ ಅದರ ಬೇರು ಇಲ್ಲಿದೆ.

ಜಾಹೀರಾತು ಕೊಡುವವರು ಮುನಿಸಿಕೊಂಡರೆ ಕಂಪನಿ ನಿಜಕ್ಕೂ ಅಲುಗಾಡುತ್ತದೆಯೇ?

ಯಾವ ಕಂಪನಿ ಎಂಬುದರ ಮೇಲೆ ನಿಂತಿದೆ. 2020ರ ಜುಲೈಯಲ್ಲಿ ದ್ವೇಷ ಭಾಷಣದ ವಿರುದ್ಧ ಪ್ರತಿಭಟಿಸಿ ಅನೇಕ ದೊಡ್ಡ ಬ್ರ್ಯಾಂಡ್‌ಗಳು ಫೇಸ್‌ಬುಕ್‌ಗೆ ಜಾಹೀರಾತು ನಿಲ್ಲಿಸಿದವು. ಆ ವರ್ಷವೂ ಅದರ ವರಮಾನ ಏರಿ 8,600 ಕೋಟಿ ಡಾಲರ್‌ನ ಹತ್ತಿರ ಮುಟ್ಟಿತು. ಅದರ ಬೆನ್ನಿಗೆ ಲಕ್ಷಾಂತರ ಸಣ್ಣ ಅಂಗಡಿಗಳಿದ್ದವು. ಟ್ವಿಟರ್‌ಗೆ ಅಂಥ ಆಸರೆ ಇರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಉದ್ಯಮಿ ಇಲಾನ್ ಮಸ್ಕ್ ಅದನ್ನು ಕೊಂಡ ಮೇಲೆ ಹಲವು ದೊಡ್ಡ ಜಾಹೀರಾತುದಾರರು ಹಿಂದೆ ಸರಿದರು, ವರಮಾನ ಭಾರಿಯಾಗಿ ಕುಸಿಯಿತೆಂದು ಮಸ್ಕ್ ಅವರೇ ಹೇಳಿಕೊಂಡರು. ತಮ್ಮ ಉತ್ಪನ್ನದ ಚಿತ್ರ ದ್ವೇಷದ ಬರಹವೊಂದರ ಪಕ್ಕದಲ್ಲಿ ಕಾಣಿಸಬಾರದು ಎಂಬುದು ಯಾವುದೇ ಸಾಬೂನು ಕಂಪನಿಯ ಸಹಜ ಆಸೆ. ಸಂಪೂರ್ಣ ವಾಕ್ ಸ್ವಾತಂತ್ರ್ಯವನ್ನು ಸಾರುವ ಜಾಲತಾಣ ಜಾಹೀರಾತನ್ನೇ ನಂಬಿ ಬದುಕಲು ಹೊರಟರೆ ಈ ತಿಕ್ಕಾಟ ತಪ್ಪದು.

ತಿಂಗಳಿಗೆ ಇಷ್ಟು ಎಂದು ಚಂದಾ ವಸೂಲಿ ಮಾಡಿದರೆ ತೀರಿತಲ್ಲ?

2022ರ ನವೆಂಬರ್‌ನಲ್ಲಿ ಅದನ್ನೇ ಮಾಡಿದರು. ತಿಂಗಳಿಗೆ 8 ಡಾಲರ್ ಕೊಟ್ಟವರಿಗೆ, ಅಲ್ಲಿಯವರೆಗೆ ಗುರುತು ಪರಿಶೀಲಿಸಿ ಕೊಡುತ್ತಿದ್ದ ನೀಲಿ ಗುರುತು ಸಿಗತೊಡಗಿತು. ಕೆಲವೇ ದಿನಗಳಲ್ಲಿ ಔಷಧ ತಯಾರಿಕಾ ಕಂಪನಿ ಎಲಿ ಲಿಲಿಯ ಹೆಸರಿನ ನಕಲಿ ಖಾತೆಯೊಂದು ನೀಲಿ ಗುರುತಿನೊಂದಿಗೆ ‘ಇನ್ಸುಲಿನ್ ಇನ್ನು ಉಚಿತ’ ಎಂದು ಪ್ರಕಟಿಸಿತು. ನಿಜವಾದ ಕಂಪನಿ ಕ್ಷಮೆ ಕೇಳಿ ಸ್ಪಷ್ಟನೆ ಕೊಡಬೇಕಾಯಿತು. ಯೋಜನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು.

ಲೆಕ್ಕವನ್ನೂ ನೋಡಿ. ಹತ್ತು ಲಕ್ಷ ಜನ 8 ಡಾಲರ್‌ನಂತೆ ವರ್ಷವಿಡೀ ಕೊಟ್ಟರೂ ಒಟ್ಟು 9.6 ಕೋಟಿ ಡಾಲರ್. ಆ್ಯಪ್ ಮೂಲಕ ಕೊಟ್ಟರೆ ಆ್ಯಪಲ್ ಮತ್ತು ಗೂಗಲ್‌ನ ಕಮಿಷನ್ ಅದರಲ್ಲೇ ಹೋಗುತ್ತದೆ. 450 ಕೋಟಿ ಡಾಲರ್ ಜಾಹೀರಾತಿನ ಜಾಗವನ್ನು ತುಂಬಲು ಇದೆಲ್ಲಿ ಸಾಕು?

ಸರ್ಕಾರ ಹೇಳಿದ್ದನ್ನು ತೆಗೆದುಹಾಕಿದರೆ ಮುಗಿಯಿತು. ಕೋರ್ಟಿಗೆ ಏಕೆ ಹೋಗಬೇಕು?

ಕನ್ನಡಿಗರು ತಿಳಿದಿರಲೇಬೇಕಾದ ಪ್ರಶ್ನೆ ಇದು, ಏಕೆಂದರೆ ಪ್ರಮುಖ ಮೊಕದ್ದಮೆಗಳು ನಡೆದದ್ದು ನಮ್ಮ ಹೈಕೋರ್ಟ್‌ನಲ್ಲೇ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಖಾತೆ ಅಥವಾ ಬರಹವನ್ನು ತಡೆಹಿಡಿಯುವಂತೆ ಆದೇಶಿಸಬಹುದು. ಆದೇಶಗಳು ಗೋಪ್ಯ. 79ನೇ ಸೆಕ್ಷನ್ ಜಾಲತಾಣಗಳಿಗೆ ರಕ್ಷಣೆ ಕೊಡುತ್ತದೆ, ಬಳಕೆದಾರ ಬರೆದದ್ದಕ್ಕೆ ಕಂಪನಿ ಹೊಣೆಯಲ್ಲ ಎನ್ನುತ್ತದೆ. ನಿಯಮ ಪಾಲಿಸದಿದ್ದರೆ ಆ ರಕ್ಷಣೆ ಹೋಗುತ್ತದೆ. 2021ರ ಫೆಬ್ರುವರಿಯಲ್ಲಿ ಬಂದ ನಿಯಮಗಳು 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಜಾಲತಾಣಗಳು ಭಾರತದಲ್ಲೇ ವಾಸಿಸುವ ಮುಖ್ಯ ಅನುಪಾಲನಾ ಅಧಿಕಾರಿಯನ್ನು, ಅಂದರೆ ನಿಯಮ ಪಾಲನೆಗೆ ಹೊಣೆಯಾಗುವವರನ್ನು, ನೇಮಿಸಬೇಕೆಂದವು. ಕಂಪನಿ ತಪ್ಪಿದರೆ ಆ ವ್ಯಕ್ತಿ ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಗಬಹುದು. ಇದು ಬರೀ ಭಯದ ಮಾತಲ್ಲ. ಅದೇ ವರ್ಷ ಗಾಜಿಯಾಬಾದ್ ಪೊಲೀಸರು ಬೆಂಗಳೂರಿನಲ್ಲಿ ವಾಸವಿದ್ದ ಟ್ವಿಟರ್‌ನ ಭಾರತದ ಮುಖ್ಯಸ್ಥರಿಗೆ ನೋಟಿಸ್ ಕೊಟ್ಟರು. ಕರ್ನಾಟಕ ಹೈಕೋರ್ಟ್ ಜುಲೈಯಲ್ಲಿ ಅದನ್ನು ರದ್ದುಪಡಿಸಿತು.

2022ರ ಜುಲೈಯಲ್ಲಿ ಟ್ವಿಟರ್ ಕೆಲವು ತಡೆ ಆದೇಶಗಳನ್ನು ಇದೇ ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿಯನ್ನು ವಜಾಗೊಳಿಸಿ 50 ಲಕ್ಷ ರೂಪಾಯಿ ದಂಡ ವಿಧಿಸಿದರು. 2025ರ ಮಾರ್ಚ್‌ನಲ್ಲಿ ಎಕ್ಸ್ ಮತ್ತೆ ಬಂತು, ಈ ಸಲ ಬರಹಗಳನ್ನು ತೆಗೆಯುವಂತೆ ಸರ್ಕಾರಿ ಸಂಸ್ಥೆಗಳು ಜಾಲತಾಣಗಳಿಗೆ ಸೂಚನೆ ಕಳಿಸುವ ‘ಸಹಯೋಗ’ ಪೋರ್ಟಲ್ ವಿರುದ್ಧ. ಆ ಅರ್ಜಿಯನ್ನು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2025ರ ಸೆಪ್ಟೆಂಬರ್ 24ರಂದು ವಜಾಗೊಳಿಸಿದರು.

ಕಂಪನಿಯ ಸಂಕಟ ಇಷ್ಟು: ಆದೇಶವನ್ನು ಒಪ್ಪಿದರೆ ಬರೆಯುವವರ ನಂಬಿಕೆ ಹೋಗುತ್ತದೆ, ಆ ನಂಬಿಕೆಯಿಂದಲೇ ಅದಕ್ಕೆ ಪ್ರಭಾವ ಬಂದದ್ದು. ಒಪ್ಪದಿದ್ದರೆ ದೇಶದ ಮಾರುಕಟ್ಟೆಯೂ ನೌಕರರ ಸುರಕ್ಷತೆಯೂ ಅಪಾಯಕ್ಕೆ ಸಿಲುಕುತ್ತವೆ. ನನ್ನ ಅಭಿಪ್ರಾಯ ಹೇಳುವುದಾದರೆ, ತಡೆಹಿಡಿಯುವ ಪ್ರತಿ ಆದೇಶಕ್ಕೂ ಕಾರಣವನ್ನು ಬರಹಗಾರನಿಗೆ ತಿಳಿಸಲೇಬೇಕು. ಹಾಗಾದರೆ ಕಂಪನಿಯ ಈ ಹೊರೆಯಲ್ಲಿ ಅರ್ಧ ಇಳಿಯುತ್ತದೆ, ಪ್ರಜೆಯ ಹಕ್ಕೂ ಉಳಿಯುತ್ತದೆ.

## ಒಡೆತನ, ಸಾಲ, ಸಿಬ್ಬಂದಿ

ಕಿರು ವಿಡಿಯೊ ಮೊದಲು ಟ್ವಿಟರ್ ಕೈಯಲ್ಲೇ ಇತ್ತಂತೆ, ನಿಜವೇ?

ನಿಜ. ಆರು ಸೆಕೆಂಡಿನ ವಿಡಿಯೊಗಳ ‘ವೈನ್’ ಅನ್ನು ಟ್ವಿಟರ್ 2012ರಲ್ಲಿ ಕೊಂಡು, 2013ರ ಜನವರಿಯಲ್ಲಿ ಬಿಡುಗಡೆ ಮಾಡಿತ್ತು. ಅಲ್ಲಿ ಹೆಸರು ಮಾಡಿದ ಕಲಾವಿದರಿಗೆ ಸಂಪಾದನೆಯ ದಾರಿ ತೋರಿಸಲಿಲ್ಲ, ಅವರು ಯೂಟ್ಯೂಬ್ ಕಡೆಗೆ ನಡೆದರು. 2016ರ ಅಕ್ಟೋಬರ್‌ನಲ್ಲಿ ವೈನ್ ಮುಚ್ಚುವ ಘೋಷಣೆಯಾಯಿತು.

ಮಸ್ಕ್ ಟ್ವಿಟರನ್ನು ಕೊಂಡಂತೆ ಯಾರಾದರೂ ಫೇಸ್‌ಬುಕ್ಕನ್ನು ಕೊಳ್ಳಬಹುದೇ?

ಅದರ ಸಂಸ್ಥಾಪಕ ಮಾರ್ಕ್ ಜುಕರ್‌ಬರ್ಗ್ ಒಪ್ಪದೆ ಸಾಧ್ಯವಿಲ್ಲ. ಫೇಸ್‌ಬುಕ್‌ನಲ್ಲಿ ಎರಡು ಬಗೆಯ ಷೇರುಗಳಿವೆ. ಸಂಸ್ಥಾಪಕರ ಕೈಯಲ್ಲಿರುವ ಷೇರಿಗೆ ಹತ್ತು ಮತ, ಸಾರ್ವಜನಿಕರ ಷೇರಿಗೆ ಒಂದು. ಅರ್ಧಕ್ಕಿಂತ ಹೆಚ್ಚು ಮತಗಳು ಜುಕರ್‌ಬರ್ಗ್ ಅವರಲ್ಲೇ ಇವೆ. ಟ್ವಿಟರ್‌ನಲ್ಲಿ ಒಂದು ಷೇರಿಗೆ ಒಂದೇ ಮತವಿತ್ತು. ಸಂಸ್ಥಾಪಕ ಜ್ಯಾಕ್ ಡಾರ್ಸಿ ಅವರ ಪಾಲು ಸಣ್ಣದು. ಮಸ್ಕ್ ಷೇರಿಗೆ 54.20 ಡಾಲರ್ ಕೊಡಲು ಮುಂದಾದಾಗ ಮಾರುಕಟ್ಟೆಯ ಬೆಲೆ ಅದಕ್ಕಿಂತ ಕೆಳಗಿತ್ತು. ಷೇರುದಾರರ ಹಿತ ಕಾಯಬೇಕಾದ ಆಡಳಿತ ಮಂಡಳಿಗೆ ಬೇಡವೆನ್ನುವುದು ಕಷ್ಟವಾಯಿತು. ಜಗತ್ತಿನ ರಾಜಕೀಯ ಚರ್ಚೆಯ ಒಂದು ಮುಖ್ಯ ವೇದಿಕೆ ಕೈಬದಲಾದದ್ದು ಕೊನೆಗೆ ಷೇರಿನ ಬೆಲೆಯ ಮೇಲೆಯೇ.

ಎರಡೂ ವ್ಯವಸ್ಥೆಗಳು ನನಗೆ ಸಮಾಧಾನ ತರುವುದಿಲ್ಲ. ಒಂದರಲ್ಲಿ ಒಬ್ಬನನ್ನು ಯಾರೂ ಅಲುಗಾಡಿಸಲಾರರು, ಇನ್ನೊಂದರಲ್ಲಿ ಹಣವಿದ್ದ ಯಾರು ಬೇಕಾದರೂ ಬಂದು ಕೂರಬಹುದು.

ಕೊಂಡವರು ಮಸ್ಕ್. ಸಾಲ ಮಾತ್ರ ಟ್ವಿಟರ್ ತಲೆಯ ಮೇಲೇಕೆ?

ಸಾಲದಿಂದ ಕಂಪನಿ ಕೊಳ್ಳುವ ಪದ್ಧತಿಯೇ ಹಾಗೆ. 4,400 ಕೋಟಿ ಡಾಲರ್ ವ್ಯವಹಾರದಲ್ಲಿ ಸುಮಾರು 1,300 ಕೋಟಿ ಡಾಲರನ್ನು ಬ್ಯಾಂಕುಗಳು ಕೊಟ್ಟವು. ಅದನ್ನು ತೀರಿಸುವ ಹೊಣೆ ಕೊಳ್ಳಲ್ಪಟ್ಟ ಕಂಪನಿಯದು. ಅದರ ಬಡ್ಡಿಯೇ ವರ್ಷಕ್ಕೆ ನೂರು ಕೋಟಿ ಡಾಲರ್‌ಗೂ ಹೆಚ್ಚೆಂದು ಅಂದಾಜಾಗಿತ್ತು. ಅಷ್ಟು ಮೊತ್ತವನ್ನು ಟ್ವಿಟರ್ ಒಳ್ಳೆಯ ವರ್ಷಗಳಲ್ಲೂ ಸುಲಭವಾಗಿ ಉಳಿಸಿದ್ದಿಲ್ಲ. ಮುಂದೆ ಕೈಗೊಂಡ ಅವಸರದ ನಿರ್ಧಾರಗಳಲ್ಲಿ ಹಲವನ್ನು ಈ ಬಡ್ಡಿಯ ಬೆಳಕಿನಲ್ಲಿ ಓದಿದರೆ ಅರ್ಥವಾಗುತ್ತವೆ.

ಅಷ್ಟು ಜನರನ್ನು ತೆಗೆದರೂ ನಡೆಯುತ್ತಿದೆ. ಹಾಗಾದರೆ ಮೊದಲಿದ್ದವರು ದಂಡವೇ?

ಸುಮಾರು 7,500 ನೌಕರರಲ್ಲಿ ಅರ್ಧದಷ್ಟನ್ನು 2022ರ ನವೆಂಬರ್ ಆರಂಭದಲ್ಲೇ ತೆಗೆದರು. ಮರುವರ್ಷದ ಏಪ್ರಿಲ್‌ಗೆ ಸುಮಾರು 1,500 ಮಂದಿ ಉಳಿದಿದ್ದಾರೆಂದು ಮಸ್ಕ್ ಹೇಳಿದರು. ಆ್ಯಪ್ ನಿಲ್ಲಲಿಲ್ಲ, ಅದು ಒಪ್ಪಬೇಕಾದ ಮಾತು. ಹಿಂದೆ ಅಗತ್ಯಕ್ಕಿಂತ ಹೆಚ್ಚು ಜನರಿದ್ದ ವಿಭಾಗಗಳು ಇದ್ದಿರಲೂಬಹುದು.

ಹಾಗೆಂದು ಹೋದವರೆಲ್ಲ ಯಂತ್ರ ನಡೆಸುತ್ತಿದ್ದವರಲ್ಲ. ಜಾಹೀರಾತುದಾರರ ಸಂಬಂಧ ಕಾಯುವವರು, ವಿವಿಧ ದೇಶಗಳ ಕಾನೂನು ನೋಡುವವರು, ಮಾನವ ಹಕ್ಕುಗಳ ತಂಡ, ಭಾರತದ ಕಚೇರಿಯ ಬಹುಪಾಲು ಜನ ಹೋದರು. ಇಂಥವರ ಕೊರತೆ ಮರುದಿನವೇ ಕಾಣುವುದಿಲ್ಲ. ಬಿಟ್ಟುಹೋದ ಜಾಹೀರಾತಿನಲ್ಲಿ, ನಿಯಂತ್ರಕರ ನೋಟಿಸಿನಲ್ಲಿ ತಡವಾಗಿ ಕಾಣುತ್ತದೆ. ಐರೋಪ್ಯ ಒಕ್ಕೂಟ ತನ್ನ ಡಿಜಿಟಲ್ ಸೇವಾ ಕಾಯ್ದೆಯಡಿ 2025ರ ಡಿಸೆಂಬರ್‌ನಲ್ಲಿ ಎಕ್ಸ್‌ಗೆ 12 ಕೋಟಿ ಯೂರೊ ದಂಡ ವಿಧಿಸಿತು. ಹಣಕ್ಕೆ ಕೊಟ್ಟ ನೀಲಿ ಗುರುತು ಜನರನ್ನು ದಾರಿತಪ್ಪಿಸುತ್ತದೆ ಎಂಬುದು ಅದರ ಕಾರಣಗಳಲ್ಲಿ ಒಂದು.

ನಾವು ಬರೆದದ್ದನ್ನು ಎಐ ಕಂಪನಿಗಳಿಗೆ ಮಾರುತ್ತಾರಂತೆ?

ಹೌದು, ಹೊಸ ವರಮಾನದ ದಾರಿ ಅದು. ಚರ್ಚೆಗಳ ಜಾಲತಾಣ ರೆಡ್ಡಿಟ್ 2024ರಲ್ಲಿ ಷೇರುಪೇಟೆಗೆ ಬರುವ ಮುನ್ನ ತನ್ನ ಬಳಕೆದಾರರ ಚರ್ಚೆಗಳನ್ನು ಒದಗಿಸಲು ಗೂಗಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಎಕ್ಸ್ ಇನ್ನೂ ಮುಂದೆ ಹೋಯಿತು: 2025ರ ಮಾರ್ಚ್‌ನಲ್ಲಿ ಮಸ್ಕ್ ಅವರದೇ ಎಐ ಕಂಪನಿ ಎಕ್ಸ್‌ಎಐ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಸಾಲ ಕಳೆದು ಎಕ್ಸ್‌ಗೆ ಕಟ್ಟಿದ ಬೆಲೆ 3,300 ಕೋಟಿ ಡಾಲರ್. ಬರೆದವರಿಗೆ ಇದರಲ್ಲಿ ಪಾಲಿಲ್ಲ. ಇದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

## ನಮ್ಮ ನೆಲದ ಪ್ರಶ್ನೆಗಳು

ನಮ್ಮ ಬೆಂಗಳೂರಿನ ಕೂ ಏಕೆ ಮುಚ್ಚಿತು? ಕನ್ನಡಿಗರು ಬೆಂಬಲಿಸಲಿಲ್ಲವೇ?

ಬೆಂಬಲದ ಕೊರತೆಯೊಂದನ್ನೇ ದೂರುವುದು ಸರಿಯಲ್ಲ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕಾ 2020ರಲ್ಲಿ ಆರಂಭಿಸಿದ ಕೂ ಮೊದಲು ಬಂದದ್ದು ಕನ್ನಡದಲ್ಲಿ, ಇತರ ಭಾಷೆಗಳು ಆಮೇಲೆ. ಈ ಒಂದು ಕಾರಣಕ್ಕೇ ಅದರ ಬಗ್ಗೆ ನನಗೆ ಗೌರವವಿದೆ. ಕೇಂದ್ರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಗೆದ್ದಿತು. 2021ರ ಫೆಬ್ರುವರಿಯಲ್ಲಿ ರೈತ ಹೋರಾಟದ ಟ್ವೀಟ್‌ಗಳ ವಿಷಯದಲ್ಲಿ ಸರ್ಕಾರ ಮತ್ತು ಟ್ವಿಟರ್ ನಡುವೆ ಜಟಾಪಟಿಯಾದಾಗ ಸಚಿವರು, ಇಲಾಖೆಗಳು ಕೂಗೆ ಬಂದವು. ಮೇ ತಿಂಗಳಲ್ಲಿ ಹೂಡಿಕೆ ಸಂಸ್ಥೆ ಟೈಗರ್ ಗ್ಲೋಬಲ್ ನೇತೃತ್ವದಲ್ಲಿ 3 ಕೋಟಿ ಡಾಲರ್ ಬಂಡವಾಳ ಬಂತು. ನೈಜೀರಿಯಾ ಟ್ವಿಟರನ್ನು ನಿಷೇಧಿಸಿದಾಗ ಅಲ್ಲಿಗೆ, 2022ರ ನವೆಂಬರ್‌ನಲ್ಲಿ ಬ್ರೆಜಿಲ್‌ಗೂ ಹೋಯಿತು. ಉತ್ತುಂಗದಲ್ಲಿ ದಿನಕ್ಕೆ 21 ಲಕ್ಷ, ತಿಂಗಳಿಗೆ 1 ಕೋಟಿ ಬಳಕೆದಾರರಿದ್ದರು.

ಎಡವಿದ್ದು ಬಂಡವಾಳದ ಕಾಲಗಣನೆಯಲ್ಲಿ. 2022ರಿಂದಾಚೆಗೆ ಜಗತ್ತಿನಾದ್ಯಂತ ಬಡ್ಡಿದರ ಏರಿ, ನವೋದ್ಯಮಗಳಿಗೆ ಹಣ ಬರುವುದು ಬತ್ತಿತು. ಕೂಗೆ ಆಗ ಇನ್ನೂ ಗಟ್ಟಿಯಾದ ಜಾಹೀರಾತು ವರಮಾನವಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಸಿಬ್ಬಂದಿಯಲ್ಲಿ ಶೇ 30ರಷ್ಟು ಕಡಿತವಾಯಿತು. ಸುದ್ದಿ ಆ್ಯಪ್ ಡೈಲಿಹಂಟ್ ಕೊಳ್ಳುತ್ತದೆಂಬ ಮಾತುಕತೆ ಮುರಿದುಬಿತ್ತು. 2024ರ ಜುಲೈ 3ರಂದು ಸಂಸ್ಥಾಪಕರು ಮುಚ್ಚುವ ನಿರ್ಧಾರ ಪ್ರಕಟಿಸಿದರು. ಮಾತುಕತೆಗೆ ಬಂದ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಜನರೇ ಬರೆಯುವ ವಿಷಯದ ರಗಳೆ ತಮಗೆ ಬೇಡವೆಂದವು ಎಂದು ಅವರು ಬರೆದರು. ಆ್ಯಪ್ ಅನ್ನು ಸುಮ್ಮನೆ ಜೀವಂತವಾಗಿಡುವುದಕ್ಕೂ ತಂತ್ರಜ್ಞಾನದ ಖರ್ಚು ಹೆಚ್ಚೆಂದರು.

ಇನ್ನೊಂದು ಕಾರಣವನ್ನು ನಾನು ಸೇರಿಸುತ್ತೇನೆ. ಸರ್ಕಾರದೊಂದಿಗಿನ ಜಗಳವೊಂದರ ಬೆನ್ನೇರಿ ಬಂದ ಜನರಲ್ಲಿ ಬಹುಪಾಲು ಒಂದೇ ರಾಜಕೀಯ ಒಲವಿನವರು. ವಾದಕ್ಕೆ ಎದುರಾಳಿಯೇ ಇಲ್ಲದ ಕಡೆ ಪತ್ರಕರ್ತರು ನಿಲ್ಲುವುದಿಲ್ಲ, ಪತ್ರಕರ್ತರಿಲ್ಲದೆ ಪ್ರಭಾವ ಹುಟ್ಟುವುದಿಲ್ಲ.

ಟಿಕ್‌ಟಾಕ್ ನಿಷೇಧವಾದಾಗ ನಮ್ಮವರಿಗೆ ಒಳ್ಳೆಯ ಅವಕಾಶ ಸಿಕ್ಕಿತ್ತಲ್ಲ?

ಸಿಕ್ಕಿತ್ತು. 2020ರ ಜೂನ್ 29ರಂದು ನಿಷೇಧವಾಯಿತು, ದಿನಗಳಲ್ಲೇ ಬೆಂಗಳೂರಿನ ಶೇರ್‌ಚಾಟ್ ಕಂಪನಿ ‘ಮೋಜ್’ ಎಂಬ ಕಿರು ವಿಡಿಯೊ ಆ್ಯಪ್ ಅನ್ನು ಬಿಡುಗಡೆ ಮಾಡಿತು. ಅದೇ ಜುಲೈಯಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದವು. ಅವರಿಗೆ ಜಾಹೀರಾತು ಮಾರುವ ವ್ಯವಸ್ಥೆ ಆಗಲೇ ಸಿದ್ಧವಿತ್ತು. ನಮ್ಮವರು ಬಳಕೆದಾರರನ್ನೂ ಜಾಹೀರಾತುದಾರರನ್ನೂ ಏಕಕಾಲಕ್ಕೆ ಹುಡುಕಬೇಕಾಯಿತು.

ಕನ್ನಡದ್ದೇ ಒಂದು ಸಣ್ಣ ಜಾಲತಾಣ ಕಟ್ಟಲು ಹೊರಟಿದ್ದೇವೆ. ಮೊದಲು ಏನನ್ನು ನೋಡಿಕೊಳ್ಳಬೇಕು?

ಮೊದಲಿಗೆ ಟ್ವಿಟರ್‌ನಂತೆ ಎಲ್ಲರನ್ನೂ ಎಲ್ಲ ವಿಷಯಕ್ಕೂ ಕರೆಯಬೇಡಿ. ಕೃಷಿ, ರಂಗಭೂಮಿ, ಸ್ಪರ್ಧಾತ್ಮಕ ಪರೀಕ್ಷೆ, ಹೀಗೆ ಒಂದು ಗಟ್ಟಿಯಾದ ಆಸಕ್ತಿಯನ್ನು ಹಿಡಿಯಿರಿ. ಅಡಿಕೆ ಬೆಳೆಗಾರರು ಸೇರುವ ಕಡೆ ಗೊಬ್ಬರ, ಯಂತ್ರ, ಸಸಿ ಮಾರುವವರು ತಾವಾಗಿಯೇ ಜಾಹೀರಾತು ಕೊಡುತ್ತಾರೆ. ಆ ಓದುಗ ಅವರಿಗೆ ನೇರವಾಗಿ ಬೇಕಾದವನು.

ತಂತ್ರಾಂಶವನ್ನು ಹೊಸದಾಗಿ ಬರೆಯುವ ಅಗತ್ಯವಿಲ್ಲ. 2016ರಿಂದ ಲಭ್ಯವಿರುವ ಮಾಸ್ಟೊಡಾನ್ ಟ್ವಿಟರ್ ಮಾದರಿಯ ಮುಕ್ತ ತಂತ್ರಾಂಶ, ಯಾರು ಬೇಕಾದರೂ ತಮ್ಮದೇ ಸರ್ವರ್‌ನಲ್ಲಿ ನಡೆಸಬಹುದು, ಬೇರೆ ಸರ್ವರ್‌ಗಳ ಬಳಕೆದಾರರೊಂದಿಗೂ ಮಾತನಾಡಬಹುದು. ಹೊರದೇಶಗಳ ಕನ್ನಡ ಕೂಟಗಳ ಸದಸ್ಯರಲ್ಲಿ ವಾರ್ಷಿಕ ಚಂದಾ ಕೊಡಲು ಮನಸ್ಸಿರುವವರು ಇದ್ದಾರೆ, ಅವರನ್ನು ಮೊದಲ ದಿನವೇ ಕೇಳಿ. ನಾಲ್ಕು ವರ್ಷ ಉಚಿತವಾಗಿ ಕೊಟ್ಟು ಆಮೇಲೆ ಕೇಳಿದರೆ ಬಾಗಿಲು ಮುಚ್ಚಿರುತ್ತದೆ.

ಕಾನೂನಿನ ಮಾತು: 50 ಲಕ್ಷದ ಮಿತಿ ದೊಡ್ಡವರಿಗೆ. ದೂರು ಪರಿಹಾರ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಪ್ರಕಟಿಸುವುದು ಸಣ್ಣ ಜಾಲತಾಣಕ್ಕೂ ಕಡ್ಡಾಯ. ಸರ್ವರ್ ಬಾಡಿಗೆಗಿಂತ ಮೊದಲು ಕನ್ನಡ ಬಲ್ಲ ಇಬ್ಬರು ಪರಿಶೀಲಕರ ಎರಡು ವರ್ಷದ ಸಂಬಳವನ್ನು ತೆಗೆದಿಡಿ, ಒಬ್ಬರು ಹಗಲಿಗೆ, ಒಬ್ಬರು ರಾತ್ರಿಗೆ. ಚುನಾವಣೆಯ ತಿಂಗಳಲ್ಲಿ ಆ ಇಬ್ಬರೂ ಸಾಲುವುದಿಲ್ಲ, ಇನ್ನಿಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡಿರಿ.